ಮೆಲ್ಬರ್ನಿಗೆ ಗಂಡು ನೋಡಲು ಹೋದದ್ದು

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ. ಹೆದ್ದಾರಿಯ ಬದಿಗೆ ಸತ್ತು ಬಿದ್ದಿತ್ತು. ಆದರೆ ನಾನು ಅಷ್ಟು ದೂರ ಹೋದದ್ದು ಕಾಂಗರೂ ನೋಡಲಿಕ್ಕಲ್ಲ, ಗಂಡು ನೋಡಲಿಕ್ಕೆ.

ನನ್ನ ಒಬ್ಬಳೇ ತಂಗಿ ಗಿರಿಜಾ ಸಿಡ್ನಿಯಲ್ಲಿದ್ದಾಳೆ. ಅವಳ ಒಬ್ಬಳೇ ಮಗಳು ಅಕ್ಷತಾ ಮೆಲ್ಬರ್ನಿನಲ್ಲಿ ನೌಕರಿ ಮಾಡುತ್ತಾಳೆ. ಈ ಹುಡುಗಿ ಪೋರ್ಚುಗಲ್ ದೇಶದ ನುನೊ ಎಂಬವನನ್ನು ಮದುವೆಯಾಗುತ್ತೇನೆ ಎಂದು ಹಟ ಹಿಡಿದಾಗ ಗಿರಿಜಾ ನನಗೆ ಫೋನು ಮಾಡಿ ಅತ್ತಳು.

"ಅಣ್ಣಾ, ನೀ ಬಂದು ಒಮ್ಮೆ ನೋಡಿ, ಬ್ಯಾಡ ಅಂದುಬಿಡು. ನಾವು ಹೇಳಿದ್ರ ಅಕಿ ಕೇಳೂದಿಲ್ಲ. ನಿನ್ನ ಮಾತು ಮೀರೂದಿಲ್ಲ."

ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಮದುವೆಯಲ್ಲಿ ಅವನ ಕೆಲಸ ಒಂದು ಗಳಿಗೆಯದು, ಅಧಿಕಾರ ಮಾತ್ರ ಪೂರ್ತಿ. ಅವನು ಬರುವುದಿಲ್ಲ ಎಂದು ಕುಳಿತರೆ ಊರಿಗೆಲ್ಲ ಉತ್ತರ ಕೊಡಬೇಕಾಗುತ್ತದೆ. ಮಂಟಪಕ್ಕೆ ಕರೆತರಲಿಕ್ಕೆ ಅಂತ ನನ್ನ ಪಾಲಿಗೆ ಇರುವವಳು ಅಕ್ಷತಾ ಒಬ್ಬಳೇ. ಹೀಗಾಗಿ ಹುಬ್ಬಳ್ಳಿಯ ನನ್ನ ನಳ, ಪೈಪು, ಟೈಲ್ಸ್ ಅಂಗಡಿಯನ್ನು ಇಬ್ಬರು ಗಂಡುಮಕ್ಕಳ ಕೈಗೆ ಒಪ್ಪಿಸಿ ವಿಮಾನ ಹತ್ತಿದೆ. ಗಲ್ಲೆಯ ಹಿಂದೆ ಕುಳಿತು ಜನರನ್ನು ಅಳೆಯುತ್ತಲೇ ಕೂದಲು ಬೆಳ್ಳಗಾದವನಿಗೆ ಒಬ್ಬ ಹುಡುಗನನ್ನು ಅಳೆಯುವುದು ಕಷ್ಟವೇನಲ್ಲ ಎಂಬ ಧೈರ್ಯವಿತ್ತು.

ಇನ್ನೊಂದು ಪದ್ಧತಿ ಹೇಳಬೇಕು. ನಮ್ಮ ಮನೆತನದಲ್ಲಿ ಗಂಡು ನೋಡಲು ಹೋದವರು ಆ ಮನೆಯಲ್ಲಿ ನೀರು ಕುಡಿಯಬಹುದು, ಖಾರದ್ದು ಏನು ಕೊಟ್ಟರೂ ತಿನ್ನಬಹುದು, ಸಿಹಿ ಮಾತ್ರ ಮುಟ್ಟುವಂತಿಲ್ಲ. ಒಪ್ಪಿಗೆಯಾದರೆ ಹೆಣ್ಣಿನ ಕಡೆಯ ಹಿರಿಯ ಗಂಡಿನ ಬಾಯಿಗೆ ಸಿಹಿ ಹಾಕಿ ತಾನೂ ತಿನ್ನುತ್ತಾನೆ. ಅಲ್ಲಿಗೆ ಮಾತು ಕೊಟ್ಟಂತೆ. ಚಹಾದ ಸಕ್ಕರೆ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬ ಬಗ್ಗೆ ನಮ್ಮ ಹಿರಿಯರಲ್ಲೇ ಎರಡು ಪಂಗಡಗಳಿವೆ. ನಾನು ಸಕ್ಕರೆಯನ್ನೂ ಬಿಡುವ ಪಂಗಡದವನು.

ಸಿಡ್ನಿ ವಿಮಾನ ನಿಲ್ದಾಣ

ಒಪ್ಪುವ ಮನಸ್ಸಿಲ್ಲದಿದ್ದರೂ ಸಿಹಿ ಇಲ್ಲದೆ ಗಂಡು ನೋಡಲು ಹೋಗಬಾರದೆಂದು ನನ್ನ ಹೆಂಡತಿ ಶಕುಂತಲಾ ಧಾರವಾಡ ಪೇಢೆಯ ಡಬ್ಬಿಯೊಂದನ್ನು ಸೂಟ್‌ಕೇಸಿನ ನಡುವೆ, ನನ್ನ ಪಂಚೆಗಳ ಮೆತ್ತೆಯಲ್ಲಿ ಮಲಗಿಸಿ ಕಳಿಸಿದ್ದಳು. ನಿಲ್ದಾಣದಲ್ಲಿ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಹಳ ಮರ್ಯಾದೆಯಿಂದ ಅದನ್ನು ಹೊರತೆಗೆಸಿದಳು. ಹಾಲಿನದೋ ಎಂದು ಕೇಳಿದಳು. ಹೌದೆಂದೆ. ಮುಚ್ಚಳ ತೆಗೆದು ಮೂಸಿ, ಎಷ್ಟು ಒಳ್ಳೆಯ ವಾಸನೆ ಎಂದು ಹೊಗಳಿ, ಹಾಗೆಯೇ ಕಸದ ಡಬ್ಬಿಗೆ ಹಾಕಿದಳು. ಹೊರದೇಶದ ಹಾಲಿನ ಪದಾರ್ಥದಿಂದ ಅವರ ದನಗಳಿಗೆ ರೋಗ ಬರುತ್ತದಂತೆ. ನಮ್ಮ ಪೇಢೆ ತಿಂದು ಇವತ್ತಿನವರೆಗೆ ಒಂದು ದನವೂ ಸತ್ತಿಲ್ಲ, ದನಕ್ಕೆ ಹಾಕುವಷ್ಟು ಪೇಢೆ ನಮ್ಮಲ್ಲಿ ಯಾರ ಮನೆಯಲ್ಲೂ ಉಳಿಯುವುದೂ ಇಲ್ಲ. ಹಾಗೆಂದು ಹೇಳಿದೆ. ಆಕೆ ನಕ್ಕು, ಒಳ್ಳೆಯ ಪ್ರವಾಸವಾಗಲಿ ಎಂದಳು.

ಹೊರಗೆ ಗಿರಿಜಾಳ ಗಂಡ ಶಿವಾನಂದ ಕಾಯುತ್ತಿದ್ದ. ಒಪ್ಪಿಗೆ ಕೊಡುವ ಸಾಮಾನೇ ಕಸಕ್ಕೆ ಹೋಯಿತು ಎಂದಾಗ ಅವನ ಮುಖ ಅರಳಿತು.

"ಛಲೋನ ಆತು ಬಿಡ್ರಿ ಅಣ್ಣಾರ. ದೇವರೇ ಹೇಳಿದಾಂಗ ಆತು."

ದಿ ಪಾಂಡ್ಸ್

ತಂಗಿಯ ಮನೆ ಇರುವ ಸಬರ್ಬಿನ ಹೆಸರು ದಿ ಪಾಂಡ್ಸ್. ಹೊಸ ಬಡಾವಣೆ. ಮನೆಗಳೆಲ್ಲ ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಗಳಂತೆ ಸಾಲಾಗಿ ನಿಂತಿವೆ. ಎಡಕ್ಕೆ ಹೈದರಾಬಾದಿನವರು, ಬಲಕ್ಕೆ ಲುಧಿಯಾನದವರು, ಎದುರಿಗೆ ಮೈಸೂರಿನವರು. ಆಸ್ಟ್ರೇಲಿಯಾದವರು ಎಲ್ಲಿದ್ದಾರೆ ಎಂದು ಕೇಳಿದರೆ, ಟಪಾಲು ಹಾಕಲು ಒಬ್ಬ ಬರುತ್ತಾನೆ ಎಂದಳು ಗಿರಿಜಾ.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಬಚ್ಚಲು ನಾಲ್ಕು. ನನ್ನ ದೃಷ್ಟಿ ಮೊದಲು ಹೋಗುವುದು ನಳಗಳ ಕಡೆಗೆ. ಎರಡು ಬಚ್ಚಲುಗಳ ನಳಗಳಿಗೆ ಕಂಪನಿಯ ಸ್ಟಿಕ್ಕರು ಹಾಗೆಯೇ ಅಂಟಿಕೊಂಡಿತ್ತು. ಹಿತ್ತಲಿನ ಕಟ್ಟೆಯ ಮೇಲೆ ಬೆತ್ತದ ಕುರ್ಚಿಗಳಿವೆ ಎಂದು ಗಿರಿಜಾ ಹೇಳಿದಳು. ನಾನು ನೋಡಿದ್ದು ಅವುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು. ಸಿನೆಮಾ ನೋಡಲಿಕ್ಕೆಂದೇ ಕತ್ತಲೆಯ ಕೋಣೆಯೊಂದಿತ್ತು, ಅದರಲ್ಲಿ ಇಸ್ತ್ರಿಗೆ ಕಾದಿದ್ದ ಬಟ್ಟೆಯ ಗುಡ್ಡೆ.

ಶಿವಾನಂದ ಮ್ಯಾಕ್ವೆರಿ ಪಾರ್ಕಿನಲ್ಲಿರುವ ಔಷಧ ಕಂಪನಿಗೆ ಹೋಗುತ್ತಾನೆ, ಗಿರಿಜಾ ನಾರ್ತ್ ಸಿಡ್ನಿಯ ಆಫೀಸಿಗೆ. ಬೆಳಕು ಹರಿಯುವ ಮುಂಚೆ ಒಬ್ಬರ ಹಿಂದೆ ಒಬ್ಬರು ಕಾರು ತೆಗೆಯುತ್ತಾರೆ. ಸಂಜೆ ಬಂದು, ಒಬ್ಬರು ಮೇಲಿನ ಮಹಡಿಯಿಂದ ಇನ್ನೊಬ್ಬರಿಗೆ ಕೆಳಗೆ ಮೊಬೈಲಿನಲ್ಲಿ ಮೆಸೇಜು ಕಳಿಸುತ್ತಾರೆ: ಊಟ ರೆಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಇಲ್ಲಿ ಕಾಲು ಮೊದಲು ಚಾಚಿ, ಆಮೇಲೆ ಹಾಸಿಗೆಯನ್ನು ಬ್ಯಾಂಕಿನಿಂದ ತರುತ್ತಾರೆ. ಅದಕ್ಕೆ ಮಾರ್ಟ್‌ಗೇಜ್ ಎಂದು ಹೆಸರು.

"ಆ ಕುರ್ಚಿ ಮ್ಯಾಲ ಯಾವಾಗ ಕುಂಡರ್ತೀರಿ?" ಎಂದು ಕೇಳಿದೆ.

"ಮಾರ್ಟ್‌ಗೇಜ್ ಮುಗೀಲಿ ಅಣ್ಣಾ. ರಿಟೈರ್ ಆದಮ್ಯಾಲ ಕುಂಡ್ರೂದ ಐತಲ್ಲ."

ಇದನ್ನು ಕೇಳಿ ನಕ್ಕೆನೇ ಹೊರತು, ನುನೊನ ಮೇಲೆ ಅವಳು ಹೊರಿಸಿದ ಆಪಾದನೆಗಳನ್ನು ಕೇಳಿದಾಗ ನಾನು ಪೂರ್ತಿ ಅವಳ ಕಡೆಗೇ ಇದ್ದೆ. ಅವನು ಕಣ್ಣು ಪರೀಕ್ಷೆ ಮಾಡಿ ಚಸ್ಮಾ ಬರೆದುಕೊಡುವವನು. ವಾರಕ್ಕೆ ನಾಲ್ಕೇ ದಿನ ಕೆಲಸ. ಐದನೇ ದಿನ ಕೊಡುತ್ತೇವೆ ಎಂದರೂ ಬೇಡ ಎನ್ನುತ್ತಾನಂತೆ.

"ಮನಿ ಇಲ್ಲ, ಕಾರ್ ಇಲ್ಲ. ಮೂವತ್ತೈದು ವರ್ಷ ಆಗ್ಯಾವ. ಶುಕ್ರವಾರ ಏನ್ ಮಾಡ್ತೀಯಪಾ ಅಂತ ಕೇಳಿದ್ರ, ಶುಕ್ರವಾರ ಮಾಡ್ತೀನಿ ಅಂತಾನ. ಹಿಂಗಂದ್ರ ಏನ್ ಅಣ್ಣಾ?"

ಹಿಂಗಂದರೆ ಮೈಗಳ್ಳತನ ಎಂದೆ. ನಮ್ಮ ತಂದೆ ಹೇಳುತ್ತಿದ್ದರು, ಸಾಕು ಅನ್ನುವವನು ಅಂಗಡಿ ಇಡಬಾರದು ಎಂದು. ಸಂಸಾರವೂ ಒಂದು ಅಂಗಡಿಯೇ.

ಆ ಭಾನುವಾರ ಅಕ್ಷತಾ ನನ್ನನ್ನು ನೋಡಲೆಂದು ಮೆಲ್ಬರ್ನಿನಿಂದ ಬಂದಿದ್ದಳು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ಊಟ ಮಾಡಿದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು. ತಾಯಿ ಏನು ಕೇಳಿದರೂ "ಫೈನ್ ಅಮ್ಮಾ" ಎಂಬ ಒಂದೇ ಉತ್ತರ. ಸಣ್ಣವಳಿದ್ದಾಗ ಉಗುರು ಕಚ್ಚುತ್ತಿದ್ದಳು, ಈಗಲೂ ಕಚ್ಚುತ್ತಾಳೆ. ಎಲ್ಲ ಆ ಪೋರ್ಚುಗೀಸನ ಪ್ರತಾಪ ಎಂದುಕೊಂಡೆ.

ಬಂದರು

ಸಿಡ್ನಿಗೆ ಹೋದವರು ಬಂದರಿನ ಪಕ್ಕದ ಆಪೆರಾ ಹೌಸ್ ನೋಡಲೇಬೇಕು ಎಂಬ ಕಟ್ಟಳೆಯಿದೆ. ನೋಡಿದೆ. ದೂರದಿಂದ ಚೆಂದ. ಹತ್ತಿರ ಹೋದರೆ ಮೈಯೆಲ್ಲ ಟೈಲ್ಸ್. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ನಾನು ಸಂದುಗಳನ್ನು ನೋಡುತ್ತಿದ್ದೆ. ಹಚ್ಚಿದವನ ಕೈ ಒಳ್ಳೆಯದು, ಅದನ್ನು ಒಪ್ಪಬೇಕು. ಆದರೆ ಇದಕ್ಕಿಂತ ಹೊಳಪಿನವು ನನ್ನ ಅಂಗಡಿಯಲ್ಲಿವೆ, ನೋಡಲು ಯಾರೂ ವಿಮಾನ ಹತ್ತಿ ಬರುವುದಿಲ್ಲ.

ಮೆಲ್ಬರ್ನ್, ಗುರುವಾರ ಸಂಜೆ

ಮೆಲ್ಬರ್ನಿನಲ್ಲಿ ಒಂದೇ ದಿನದಲ್ಲಿ ಬಿಸಿಲು, ಮಳೆ, ಚಳಿ ಮೂರೂ ಆಗುತ್ತವೆ, ಅದನ್ನು ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಬ್ರನ್ಸ್‌ವಿಕ್ ಎಂಬ ಕಡೆ ಅಕ್ಷತಾಳ ಬಾಡಿಗೆ ಮನೆ. ನುನೊ ಎರಡು ಬೀದಿ ಆಚೆ ಇರುತ್ತಾನೆ. ಅಂದು ಅವನನ್ನು ಊಟಕ್ಕೆ ಕರೆದಿದ್ದಳು.

ಪೋರ್ಚುಗೀಸರೇನು ನಮಗೆ ಹೊಸಬರಲ್ಲ. ಹುಬ್ಬಳ್ಳಿಯಿಂದ ಘಟ್ಟ ಇಳಿದರೆ ಗೋವಾ. ನಮ್ಮ ಬಟಾಟಿ, ಪಾವು, ಸಾಬೂನು ಎಲ್ಲ ಅವರು ಬಿಟ್ಟುಹೋದವೇ. ಸಮುದ್ರ ದಾಟಿ ಬಂದು ಕೋಟೆ ಕಟ್ಟಿದ ಆ ಕುಲದಲ್ಲಿ ಇಂಥವನು ಹುಟ್ಟಿದ್ದು ನೋಡಿ ಆಶ್ಚರ್ಯವಾಯಿತು. ತೆಳ್ಳಗಿನ ಆಳು, ಮೊಣಕೈ ಸವೆದ ಸ್ವೆಟರು, ಆದರೆ ಬೂಟು ಮುಖ ಕಾಣುವಂತೆ ಪಾಲಿಶ್. ನನ್ನ ಕೈ ಕುಲುಕಿ ಸುಮ್ಮನೆ ನಕ್ಕ. ಏನು ಸಂಬಳ, ಮುಂದೇನು ಯೋಜನೆ ಎಂಬುದರ ಬಗ್ಗೆ ತಾನಾಗಿ ಒಂದು ಮಾತೂ ಆಡಲಿಲ್ಲ.

ಅಕ್ಷತಾ ಚಪಾತಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನಾನು ನಮ್ಮ ರೀತಿಯಂತೆ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಲು ಹೋದೆ. ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು ಸ್ಪಷ್ಟ ಕನ್ನಡದಲ್ಲಿ "ಸಾಕು" ಎಂದ. ಅಕ್ಷತಾ ಬಡಿಸುವಾಗ ತಡೆಯಲು ಬೇಕೆಂದು ಅದೊಂದು ಶಬ್ದ ಕಲಿತಿದ್ದಾನಂತೆ. ಇಡೀ ಕನ್ನಡದಲ್ಲಿ ಅವನಿಗೆ ಸಿಕ್ಕಿದ್ದು ಅದೇ! ನಮ್ಮ ಕಡೆ ಸಾಕು ಎಂದವನಿಗೆ ಇನ್ನೆರಡು ಹಾಕುತ್ತಾರೆ. ಅಳಿಯನಾದರಂತೂ ಕೈ ಹಿಡಿದು ಪಕ್ಕಕ್ಕೆ ಸರಿಸಿ ಹಾಕುತ್ತಾರೆ. ಇವನು ಅಳಿಯನಲ್ಲ. ಚಪಾತಿಯನ್ನು ವಾಪಸ್ಸು ಡಬ್ಬಿಗೆ ಹಾಕಿದೆ.

ಅವನು ಹೋದ ಮೇಲೆ ಅಕ್ಷತಾ ನನ್ನ ಎದುರಿಗೆ ಬಂದು ನಿಂತಳು. ಅವಳ ಕನ್ನಡ ನಡುನಡುವೆ ಮುಗ್ಗರಿಸುತ್ತದೆ, ಆದರೂ ನನ್ನ ಜೊತೆ ಕನ್ನಡವನ್ನೇ ಆಡುತ್ತಾಳೆ.

"ಮಾಮಾ, ನಾಳೆ ನನಗ ಆಫೀಸ್ ಐತಿ. ನುನೊಗ ಆಫ್. ಅವಾ ನಿನ್ನ ಕರ್ಕೊಂಡ್ ಹೋಗ್ತಾನ. ಪ್ಲೀಸ್, ಇಂಟರ್‌ವ್ಯೂ ಮಾಡಬ್ಯಾಡ."

"ನಾ ಅದಕ್ಕ ಬಂದೀನಲ್ಲ?"

"ಐ ನೋ. ನೀ ಬ್ಯಾಡ ಅಂದ್ರ ನಾ ಫೈಟ್ ಮಾಡೂದಿಲ್ಲ ಮಾಮಾ. ರಿಜಿಸ್ಟರ್ ಆಫೀಸಿಗೆ ಹೋಗಿ ಸೈನ್ ಮಾಡ್ತೀವಿ ಅಷ್ಟ. ಆದ್ರ ಮಂಟಪಕ್ಕ ನೀ ಕರ್ಕೊಂಡ್ ಹೋಗ್ಲಿಲ್ಲಾಂದ್ರ ಮಂಟಪಾನ ಬ್ಯಾಡ ನನಗ."

ಜಗಳ ಮಾಡಿದ್ದರೆ ನಾನೂ ಜಗಳ ಮಾಡಬಹುದಿತ್ತು. ಇಷ್ಟು ಮೆಲ್ಲಗೆ ಹೇಳಿದ್ದು ನನಗೆ ಸಂಕಟವಾಯಿತು. ಆದರೂ ಸೋದರಮಾವನ ಮುಖ ಬಿಗಿ ಹಿಡಿದುಕೊಂಡೇ ಮಲಗಲು ಹೋದೆ.

ಶುಕ್ರವಾರ, ಟ್ರಾಮ್ ಮತ್ತು ಮಾರ್ಕೆಟ್

ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಎಂಬ ಗಾದೆ ನಮ್ಮಲ್ಲಿದೆ. ಈ ಮನುಷ್ಯನ ಶುಕ್ರವಾರವನ್ನು ಕಂಡ ಮೇಲೆ ಆ ಬಡಗಿಯೇ ವಾಸಿ, ಏನಾದರೂ ಕೆತ್ತಿದನಲ್ಲ ಎನಿಸಿತು.

ಮಾರ್ಕೆಟ್ಟಿಗೆ ಹೋಗುವ ಟ್ರಾಮು ಬಂತು. ಅವನು ಹತ್ತಲಿಲ್ಲ. ಎದುರು ದಿಕ್ಕಿನ ಟ್ರಾಮು ಹತ್ತಿಸಿ ನನ್ನನ್ನು ಕೊನೆಯ ನಿಲುಗಡೆಯವರೆಗೆ ಒಯ್ದ. ದಾರಿ ತಪ್ಪಿತೇ ಎಂದು ಕೇಳಿದೆ. ಇಲ್ಲ, ಅಲ್ಲಿಂದ ಹತ್ತಿದರೆ ಮುಂದಿನ ಕಿಟಕಿಯ ಸೀಟು ಸಿಗುತ್ತದೆ ಎಂದ. ನಮ್ಮೂರಲ್ಲೂ ಜನ ಸೀಟಿಗಾಗಿ ಡಿಪೊದವರೆಗೆ ಹೋಗುತ್ತಾರೆ, ಬೆಂಗಳೂರಿನವರೆಗೆ ನಿಂತು ಹೋಗಲಾರದ್ದಕ್ಕೆ. ಇವನಿಗೆ ಇದ್ದದ್ದು ನಾಲ್ಕು ಹೆಜ್ಜೆ ಪಯಣ. ಸೀಟು ಸಿಕ್ಕಮೇಲೆ ಮಕ್ಕಳ ಹಾಗೆ ಗಾಜಿಗೆ ಹಣೆ ಹಚ್ಚಿ ಕುಳಿತ.

ಇಳಿದು ಕಾಫಿ. ಹೆಬ್ಬೆರಳು ಮುಳುಗದಷ್ಟು ಸಣ್ಣ ಕಪ್ಪು. ನಾನು ಪದ್ಧತಿಗೆ ಕಟ್ಟುಬಿದ್ದು ಸಕ್ಕರೆ ಬೇಡವೆಂದು ಆ ಕಷಾಯವನ್ನು ಕಣ್ಣು ಮುಚ್ಚಿ ನುಂಗಿದೆ. ಅವನು ಎರಡು ಗುಟುಕಿಗೆ ಮುಗಿಸಿ, ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತಾನೆ. ಪೇಪರು ತೆಗೆದು ಒಂದೇ ಪುಟ ಓದಿ ಮಡಿಸಿಟ್ಟ. ಉಳಿದದ್ದು ನಾಳೆಗಂತೆ. ಸುದ್ದಿ ಹಳಸುವುದಿಲ್ಲವೇ ಎಂದರೆ, ನನಗೇನು ಅವಸರ ಎಂದ. ನಾನು ಅಷ್ಟರಲ್ಲಿ ಎರಡು ಸಲ ಎದ್ದು ನಿಂತು ಕೂತಿದ್ದೆ.

"ಶುಕ್ರವಾರವೂ ಕೆಲಸ ಮಾಡಬಹುದಲ್ಲ?" ನನ್ನ ಅಂಗಡಿಯ ಇಂಗ್ಲಿಷಿನಲ್ಲಿ ನೇರ ಕೇಳಿಬಿಟ್ಟೆ. ಅಕ್ಷತಾ ಬೇಡವೆಂದಿದ್ದಳು, ಆದರೆ ತಡೆಯಲಾಗಲಿಲ್ಲ.

"ಮಾಡಬಹುದು."

"ಮತ್ತೆ?"

"ಶುಕ್ರವಾರ ನನಗೆ ಬೇಕು."

ಎದುರಿಗೆ ನಿಂತ ಗಿರಾಕಿ ನನಗೆ ನಳ ಬೇಡ, ಬರೀ ನೀರು ಬೇಕು ಎಂದರೆ ನಾನೇನು ಹೇಳಲಿ?

ಮಾರ್ಕೆಟ್ಟಿನಲ್ಲಿ ಅವನ ವೈಖರಿ ನೋಡಬೇಕಿತ್ತು. ಸಾಬೂನಿನ ಅಂಗಡಿಯಲ್ಲಿ ಒಂದೊಂದೇ ಎತ್ತಿ ಮೂಸಿ, ಏನೂ ಕೊಳ್ಳದೆ ಅಂಗಡಿಯವಳಿಗೆ ವಂದಿಸಿ ಹೊರಬಂದ. ನನ್ನ ಅಂಗಡಿಗೆ ಇಂಥವನು ಬಂದಿದ್ದರೆ ಮಾತೇ ಬೇರೆ. ಅಂಜೂರದ ರಾಶಿಯ ಮುಂದೆ ನಿಂತು ಎರಡೇ ಎರಡು ಅಂಜೂರ ಆರಿಸಿದ. ಒಂದು ನನಗೆ ಚಾಚಿದ. ಗಂಡು ಕೊಟ್ಟ ಸಿಹಿ! ಹೊಟ್ಟೆ ಸರಿಯಿಲ್ಲ ಎಂದೆ. ಅವನು ತನ್ನದನ್ನು ಅಲ್ಲೇ ಗೋಡೆಗೆ ಒರಗಿ ನಿಂತು, ಸಿಪ್ಪೆ ಬಿಡಿಸಿ, ದೇವರ ಪ್ರಸಾದದಂತೆ ತಿಂದ. ನನ್ನದನ್ನು ಕಾಗದದಲ್ಲಿ ಸುತ್ತಿ ಅಕ್ಷತಾಗೆಂದು ಜೇಬಿಗೆ ಹಾಕಿಕೊಂಡ.

ಪಕ್ಕದ ಅಂಗಡಿಯಲ್ಲಿ ಹಳದಿ ಪೇರಲ ಕಂಡು ನನಗೆ ಊರು ನೆನಪಾಯಿತು. ದುಡ್ಡು ಕೊಟ್ಟು ನಾನೇ ಕೊಂಡರೆ ಪದ್ಧತಿ ಅಡ್ಡಬರುವುದಿಲ್ಲ. ಒಂದು ತೆಗೆದುಕೊಂಡು, ಪಂಚೆಗೆ ಒರೆಸುವ ಅಭ್ಯಾಸದಲ್ಲಿ ಪ್ಯಾಂಟಿಗೆ ಒರೆಸಿ, ಗಬಕ್ಕನೆ ಕಚ್ಚಿದೆ. ಹಲ್ಲು ಕಲ್ಲಿಗೆ ತಾಗಿದಂತಾಯಿತು. ಬಾಯೆಲ್ಲ ಒಗರು, ನಾಲಿಗೆ ಬೆಂಡಾಯಿತು. ಅಂಗಡಿಯವನು ಅಯ್ಯೋ ಎಂದು ಕೈಚಾಚಿದ. ಅದು ಪೇರಲವಲ್ಲ, ಕ್ವಿನ್ಸ್ ಎಂಬ ಹಣ್ಣು. ಹಸಿಯಾಗಿ ಯಾರೂ ತಿನ್ನುವುದಿಲ್ಲವಂತೆ. ತಿನ್ನಲಾಗದ್ದನ್ನು ಇಷ್ಟು ಚೆಂದ ಜೋಡಿಸಿ ಇಡುವ ದೇಶಕ್ಕೆ ಏನೆನ್ನಬೇಕು?

ನುನೊ ನಗಲಿಲ್ಲ. ನೀರಿನ ಬಾಟಲಿ ಕೊಟ್ಟ. ಆಮೇಲೆ ನಾನು ಕಚ್ಚಿದ್ದನ್ನೂ ಸೇರಿಸಿ ಒಂದು ಚೀಲ ಕ್ವಿನ್ಸ್ ಕೊಂಡ.

"ಇವತ್ತು ಇದನ್ನು ಬೇಯಿಸೋಣ. ನನ್ನ ಅಜ್ಜಿ ಮಾಡುತ್ತಿದ್ದಳು. ಇಡೀ ಮಧ್ಯಾಹ್ನ ಹಿಡಿಯುತ್ತದೆ," ಎಂದ, ಇಡೀ ಮಧ್ಯಾಹ್ನ ಹಿಡಿಯುವುದೇ ಅದರ ಹೆಚ್ಚುಗಾರಿಕೆ ಎಂಬಂತೆ.

ನುನೊನ ಅಡುಗೆಮನೆ

ಅವನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು, ಎರಡು ಕುರ್ಚಿ ಹಿಡಿಯುವ ಬಾಲ್ಕನಿ. ಕಿಟಕಿಯಲ್ಲಿ ಟೊಮೆಟೊ ಡಬ್ಬಿಯಲ್ಲಿ ಬೆಳೆಸಿದ ಕೊತ್ತಂಬರಿ. ನಳಗಳನ್ನು ನೋಡಿದೆ. ಹಳೆಯವು, ಆದರೆ ಸೋರುತ್ತಿರಲಿಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಹಣ್ಣು ಬೆಂದು ಮೆತ್ತಗಾಗುವವರೆಗೆ ಅವನು ರೇಡಿಯೊ ಹಚ್ಚಿ ಅಂಗಿ ಇಸ್ತ್ರಿ ಮಾಡಿದ. ಎರಡೇ ಅಂಗಿ. ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಾಡುವುದನ್ನು ತಾನೇ ನೋಡಿ ಖುಷಿಪಡುತ್ತಿದ್ದ. ಆಮೇಲೆ ಬೆಂದ ಹಣ್ಣನ್ನು ಸೋಸಿ, ಸಕ್ಕರೆ ಸುರಿದು, ಒಲೆಯ ಮೇಲಿಟ್ಟು ಕೈಯಾಡಿಸತೊಡಗಿದ. ಕೈಯಾಡಿಸುವುದೇ? ಕಪ್ಪಿನ ಚಹಾ ಕಲಕುವ ಹಾಗೆ ನಡುವಿನಲ್ಲಿ ಸೌಟು ತಿರುಗಿಸುತ್ತ, ಕಿಟಕಿಯಾಚೆ ನೋಡುತ್ತ, ರೇಡಿಯೊದ ಜೊತೆ ಗುನುಗುತ್ತ! ತಳ ಹಿಡಿಯುವ ವಾಸನೆ ನನ್ನ ಮೂಗಿಗೆ ಬಂತು.

ಪೇಢೆಗೆ ಹಾಲಿನ ಖವೆ ಕಾಯಿಸುವುದನ್ನು ನೋಡುತ್ತ ಬೆಳೆದವನು ನಾನು. ನಮ್ಮ ಓಣಿಯ ಪೇಢೆಯ ಅಂಗಡಿಯಲ್ಲಿ ಕಡಾಯಿಯ ಮುಂದಿದ್ದವನು ಕತ್ತು ತಿರುಗಿಸಿದರೆ ಮಾಲಕ ಬೈಯುತ್ತಿದ್ದ. ಸುಮ್ಮನೆ ನಿಲ್ಲಲಾಗಲಿಲ್ಲ.

"ತಾ ಇಲ್ಲಿ," ಎಂದು ಕನ್ನಡದಲ್ಲೇ ಗದರಿ ಅವನ ಕೈಯಿಂದ ಮರದ ಸೌಟು ಕಸಿದುಕೊಂಡೆ. ತಳ ಕೆರೆದು, ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ. ಅವನು ಪಕ್ಕಕ್ಕೆ ಸರಿದು ನೋಡುತ್ತ ನಿಂತ. ಇವರಿಗೆ ಸುಖಪಡಲಿಕ್ಕೆ ಬಿಡುವಿದೆ, ತಳ ಕೆರೆಯಲಿಕ್ಕೆ ಕೈ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಬೈದೆ.

ಬೆಳ್ಳಗಿದ್ದ ಆ ಪಾಕ ಹೊತ್ತು ಹೋದಂತೆ ಗುಲಾಬಿಯಾಗಿ, ಆಮೇಲೆ ಇಟ್ಟಿಗೆಯ ಕೆಂಪಿಗೆ ತಿರುಗಿತು. ಬಣ್ಣ ಹಾಕಿಲ್ಲ, ತಾನಾಗಿಯೇ ಕೆಂಪಾಗುತ್ತದಂತೆ. ಮನೆಯೆಲ್ಲ ಘಮ ತುಂಬಿತು. ರುಚಿ ನೋಡಿ ಹೇಳಿ, ಸಕ್ಕರೆ ಸರಿಯಿದೆಯೇ ಎಂದು ನುನೊ ಚಮಚ ಚಾಚಿದ. ಸಕ್ಕರೆ ಕಾಯಿಲೆ ಎಂದು ಸುಳ್ಳು ಹೇಳಿದೆ. ಪಾಪ, ಅವನು ಆ ಸುಳ್ಳಿಗೆ ಮುಖ ಸಣ್ಣದು ಮಾಡಿಕೊಂಡು, ಹಾಗಿದ್ದರೆ ನಿಮ್ಮನ್ನು ಇದರ ಮುಂದೆ ನಿಲ್ಲಿಸಿದ್ದು ತಪ್ಪಾಯಿತು ಎಂದ. ಇಡೀ ಮಧ್ಯಾಹ್ನ ಸಿಹಿಯ ಮುಂದೆ ನಿಂತು, ಬೆವರಿ, ಒಂದು ಹನಿ ನಾಲಿಗೆಗೆ ತಾಗಿಸದ ತಪಸ್ಸು ನನ್ನದು.

ಪಾಕವನ್ನು ಪಿಂಗಾಣಿ ಬಟ್ಟಲಿಗೆ ಸುರಿದು ಬಾಲ್ಕನಿಯಲ್ಲಿ ಆರಲಿಕ್ಕೆ ಇಟ್ಟೆವು. ಪೂರ್ತಿ ಗಟ್ಟಿಯಾಗಲು ಕೆಲವು ದಿನ ಬೇಕಂತೆ. ಕಾಯುತ್ತೇನೆ ಎಂದ. ಇನ್ನೇನು ಮಾಡುತ್ತಾನೆ, ಅದೇ ಅವನ ಉದ್ಯೋಗ. ಆಮೇಲೆ ಕೆಳಗಿನ ಮಹಡಿಯ ಮುದುಕಿಗೆಂದು ಒಂದು ಸಣ್ಣ ಬಟ್ಟಲು ಹಿಡಿದುಕೊಂಡು ಇಳಿದುಹೋದ.

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಶಕುಂತಲಾಳ ಫೋನು ಬಂತು.

"ಹುಡುಗ ಹೆಂಗದಾನ್ರಿ?"

ಟ್ರಾಮಿನಿಂದ ಹಿಡಿದು ಇಸ್ತ್ರಿಯವರೆಗೆ ಒಂದೂ ಬಿಡದೆ ಹೇಳಿದೆ.

"ಕುಡೀತಾನೇನು?"

"ಊಟಕ್ಕ ಒಂದ ಗ್ಲಾಸ್ ವೈನ್ ಅಂತ. ಅಕ್ಷತಾ ಹೇಳಿದ್ಲು, ಅದನ್ನೂ ಮುಗಿಸೂದಿಲ್ಲಂತ, ಮುಂದ ಇಟ್ಕೊಂಡು ಕುಂಡರ್ತಾನಂತ."

"ಅಕ್ಷತಾ ಹೆಂಗದಾಳ?"

"ಅಕಿಗೇನಾಗೇತಿ? ಅದಾಳ."

"ಅದಾಳ ಅಂದ್ರ? ನೀವು ಅಕಿನ್ನ ನೋಡಿರೋ ಇಲ್ಲೋ? ಗಂಡು ನೋಡಾಕ ಹೋದವರು ಹುಡುಗೀನ ಮರತ ಕುಂತೀರೇನು?"

ಲೈನು ಕಟ್ಟಾಯಿತು ಎಂಬಂತೆ ಹಲೋ ಹಲೋ ಎಂದು ಫೋನು ಇಟ್ಟೆ.

ಬಾಲ್ಕನಿ

ಅಕ್ಷತಾ ಆಫೀಸಿನಿಂದ ನೇರ ಅಲ್ಲಿಗೇ ಬಂದಳು. ನುನೊ ಒಳಗಿನಿಂದ ಸ್ಟೂಲು ತಂದು ಬಾಲ್ಕನಿಯಲ್ಲಿ ತಾನು ಅದರ ಮೇಲೆ ಕುಳಿತು, ಕುರ್ಚಿಗಳನ್ನು ನಮಗೆ ಬಿಟ್ಟ. ಎದುರಿನ ಮನೆಗಳ ತಗಡಿನ ಮೇಲೆ ಸಂಜೆಯ ಬಿಸಿಲಿತ್ತು. ಕೆಳಗೆ ಟ್ರಾಮು ಗಂಟೆ ಹೊಡೆಯುತ್ತ ಹೋಯಿತು.

ಅವಳು ಬಂದವಳೇ ಫೋನನ್ನು ಚೀಲದೊಳಗೆ ಹಾಕಿ ಚೀಲವನ್ನು ಒಳಗೆಸೆದಳು. ಬೂಟು ಕಳಚಿದಳು. ಎರಡೂ ಕಾಲುಗಳನ್ನು ಕಟಾಂಜನದ ಮೇಲೆ ಚಾಚಿದಳು. ನುನೊ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟ. ಅಂಜೂರ ಸ್ವಲ್ಪ ಜಜ್ಜಿತ್ತು. ಅವಳು ಅದನ್ನು ತಿನ್ನುತ್ತ, ಆಫೀಸಿನಲ್ಲಿ ಯಾರೋ ಏನೋ ಮಾಡಿದ ಕಥೆ ಹೇಳುತ್ತ, ಬಾಯಿ ತುಂಬಿಕೊಂಡೇ ನಕ್ಕಳು. ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಉಗುರು ಬಾಯಿಗೆ ಹೋಗಲಿಲ್ಲ. ಕಥೆ ಮುಗಿದ ಮೇಲೆ ಬೆರಳಿಗಂಟಿದ ಅಂಜೂರವನ್ನು ನೆಕ್ಕುತ್ತ ಕೂತಳು. ಯಾರಾದರೂ ಏನಾದರೂ ಕೇಳಿಯಾರು ಎಂಬ ಗಾಬರಿ ಅವಳ ಮುಖದಲ್ಲಿ ಇರಲಿಲ್ಲ.

ಸಣ್ಣವಳಿದ್ದಾಗ ಶಾಲೆಯ ಸೂಟಿಗೆ ಹುಬ್ಬಳ್ಳಿಗೆ ಬಂದರೆ ನನ್ನ ಅಂಗಡಿಯ ಸಿಮೆಂಟ್ ಚೀಲಗಳ ಮೇಲೆ ಹೀಗೆಯೇ ಕಾಲು ಚಾಚಿ ಕುಳಿತು ಶೇಂಗಾ ತಿನ್ನುತ್ತಿದ್ದಳು. ಆಮೇಲೆ ಈ ಹುಡುಗಿ ಹೀಗೆ ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ. ದಿ ಪಾಂಡ್ಸಿನ ಆ ದೊಡ್ಡ ಮನೆಯಲ್ಲಿ, ಅಷ್ಟೊಂದು ಕುರ್ಚಿಗಳ ನಡುವೆ, ಅವಳು ನಿಂತೇ ಊಟ ಮಾಡಿದ್ದಳು. ನನ್ನ ತಂಗಿಯ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪವೆಂದೂ ಅನಿಸಿತು.

ಕಿಸೆಯಲ್ಲಿ ಫೋನು ನಡುಗಿತು. ಗಿರಿಜಾಳ ಮೆಸೇಜು: ಅಣ್ಣಾ, ಹೇಳಿದ್ಯಾ? ಫೋನನ್ನು ಬೋರಲು ಮಾಡಿ ಕಟ್ಟೆಯ ಮೇಲಿಟ್ಟೆ.

ಈ ಮನುಷ್ಯ ಅಂಗಡಿ ಇಟ್ಟರೆ ವಾರದೊಳಗೆ ಮುಳುಗುತ್ತಾನೆ. ಈ ಅಭಿಪ್ರಾಯವನ್ನು ನಾನು ಇವತ್ತಿಗೂ ಬದಲಿಸಿಲ್ಲ. ಅವನಿಗೆ ಮಹತ್ವಾಕಾಂಕ್ಷೆ ಇಲ್ಲ, ಅವಸರವಿಲ್ಲ, ಕೈಯಾಡಿಸಲು ಬರುವುದಿಲ್ಲ. ಆದರೆ ನಾನು ಅಷ್ಟು ದೂರ ಬಂದದ್ದು ಅಂಗಡಿಗೆ ಆಳು ಹುಡುಕಲಿಕ್ಕಲ್ಲವಲ್ಲ.

ಎದ್ದು ಬಟ್ಟಲನ್ನು ಎತ್ತಿಕೊಂಡೆ. ಅಂಚು ಗಟ್ಟಿಯಾಗಿತ್ತು, ನಡುವೆ ಇನ್ನೂ ಅಲುಗುತ್ತಿತ್ತು. ಅಂಚಿನಿಂದ ಬೆರಳಷ್ಟು ತುಂಡು ಕೆತ್ತಿ ತೆಗೆದೆ. ಅಕ್ಷತಾ ಮೊದಲು ನನ್ನ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. ಕಟಾಂಜನದ ಮೇಲಿನ ಕಾಲುಗಳನ್ನು ಮೆಲ್ಲಗೆ ಕೆಳಗಿಳಿಸಿದಳು. ಅವಳಿಗೆ ಪದ್ಧತಿ ಗೊತ್ತು. ನುನೊನಿಗೆ ಏನೂ ಗೊತ್ತಿಲ್ಲ.

"ಬಾಯಿ ತೆಗೆ," ಎಂದೆ. ಕೈಸನ್ನೆ ನೋಡಿ ತೆಗೆದ. ತುಂಡನ್ನು ಅವನ ಬಾಯಿಗೆ ಹಾಕಿದೆ. ಇನ್ನೊಂದು ಕೆತ್ತಿ ನನ್ನ ಬಾಯಿಗೆ ಹಾಕಿಕೊಂಡೆ.

"ನಿಮಗೆ ಸಕ್ಕರೆ ಕಾಯಿಲೆ!" ಎಂದು ಅವನು ಗಾಬರಿಯಿಂದ ಎದ್ದ.

ಪೇಢೆಯ ಮುಂದೆ ಅದು ಏನೂ ಅಲ್ಲ, ಸ್ಪಷ್ಟ ಹೇಳಿಬಿಡುತ್ತೇನೆ. ಬೆಲ್ಲ ಹಾಕಿದ ಹುಣಸೆಹಣ್ಣಿಗೆ ಗುಲಾಬಿ ನೀರು ಚಿಮುಕಿಸಿದ ಹಾಗಿತ್ತು. ಆದರೆ ತಳ ಹಿಡಿದಿರಲಿಲ್ಲ. ಪೇಢೆಯನ್ನು ಮಾರವಾಡಿಯೋ ಮಿಠಾಯಿಗಾರನೋ ಮಾಡಿರುತ್ತಾನೆ, ಇದನ್ನು ನಾನೇ ಬೆವರು ಸುರಿಸಿ ಮಾಡಿದ್ದೆ.

ಇನ್ನೂ ದೊಡ್ಡ ತುಂಡೊಂದನ್ನು ಕೆತ್ತಿ ಅವನ ಬಾಯಿಯ ಹತ್ತಿರ ಹಿಡಿದೆ. ಅವನು ತುಂಬಿದ ಬಾಯಿಯ ಮೇಲೆ ಅಂಗೈ ಅಡ್ಡ ಹಿಡಿದು, ತನಗೆ ಬರುವ ಕನ್ನಡವನ್ನೆಲ್ಲ ಆಡಿದ.

"ಸಾಕು. ಸಾಕು."

ನಾನು ಅವನ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದೆ.

"ಅಕ್ಷತಾ, ಅವಂಗ ಹೇಳು. ನಮ್ಮ ಮನ್ಯಾಗ ಯಾರ ಸಾಕು ಅಂದ್ರೂ ಕೇಳ್ತೀವಿ, ಅಳಿಯ ಅಂದ್ರ ಕೇಳೂದಿಲ್ಲ."

ಅಕ್ಷತಾ ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಅಳಿಯ ಎಂಬಲ್ಲಿಗೆ ಬಂದು, ಆ ಒಂದು ಶಬ್ದವನ್ನು ಮಾತ್ರ ಕನ್ನಡದಲ್ಲೇ ಅವನಿಗೆ ಹೇಳಿಕೊಟ್ಟಳು.